ಬಣ್ಣ ಬಳಿಯದ ಆರು ತೋಪುಗಳು

ಮಾರ್ಚ್ ೯, ಸೋಮವಾರ

ಪ್ರೀತಿಯ ದಂಡನಾಯಕನಿಗೆ,

ನಿನ್ನ ಖಾಯಂ ಶತ್ರುವಿನ ನಮಸ್ಕಾರ. ಬರೆಯುವುದು ತಡವಾಯಿತು, ಬೈಯುವುದಿದ್ದರೆ ಬೈದುಕೋ. "ತಪ್ಪು ತೋಪು ಇಟ್ಕೊಂಡು ಆಡಿ ಆಡಿ ಸಾಕಾಯ್ತು, ಇನ್ನು ಬರಲ್ಲ" ಅಂತ ಫೋನ್ ಕುಕ್ಕಿದೆಯಲ್ಲ, ಆಮೇಲೆ ಎತ್ತಲೂ ಇಲ್ಲ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಂದೇ ಮೇಜಿನ ಆಚೆ ಈಚೆ ಪುಟ್ಟ ಬೊಂಬೆ ಸೈನ್ಯ ಹೂಡಿ ಕಾದಾಡುತ್ತಲೇ ಮುದುಕರಾದವರು ನಾವು, ರಷ್ಯ ನಿನ್ನದು, ಫ್ರಾನ್ಸ್ ನನ್ನದು. ಅದು ತೋಪಿನ ನೆಪಕ್ಕೆ ಮುಗಿಯಬೇಕೇ? ೧೮೧೨ರ ಯುದ್ಧದ ರಷ್ಯನ್ ತೋಪಿನ ಪಕ್ಕಾ ಮಾದರಿ ತಂದಿಟ್ಟರೆ ನೀನು ಬರುತ್ತೀಯ ಅಂತ ಹುಡುಕಲು ಹೊರಟೆ.

ಮೊದಲ ಅಂಗಡಿಯಾಕೆ ನನ್ನ ಹತ್ತಿರ ಇರುವಂಥ ಫ್ರೆಂಚ್ ತೋಪಿಗೇ ಎಳೆ ಹಸಿರು ಬಳಿದು ಮುಂದಿಟ್ಟಳು. "ಹಸಿರು ಗಾಡಿ, ಹಿತ್ತಾಳೆ ಬಣ್ಣದ ನಳಿಗೆ, ಇನ್ನೇನ್ ಬೇಕು ಸಾರ್? ಯಾರು ಅಷ್ಟು ನೋಡ್ತಾರೆ?"

"ನನ್ನ ಶತ್ರು ನೋಡ್ತಾನಮ್ಮ," ಅಂದು ಬಂದೆ.

ನಿನ್ನ ಪ್ರೀತಿಯ ರಷ್ಯನ್ 'ಯೂನಿಕಾರ್ನ್' ತೋಪು ಇದೆಯಾ ಅಂತ ಎರಡನೇ ಅಂಗಡಿಯಲ್ಲಿ ಕೇಳಿದರೆ, ಆ ಮಹಾನುಭಾವ ಕೊಂಬಿರುವ ಗುಲಾಬಿ ಕುದುರೆ ತಂದುಕೊಟ್ಟ! ನಗಬೇಡ, ಮೈಯೆಲ್ಲ ಉರಿಯಿತು.

ಕಡೆಗೆ ಗುಜರಿ ಬೀದಿಯ ಹಿಂದೆ ಒಬ್ಬ ಎರಕದವನು ಸಿಕ್ಕ. ಅವನ ಯೂನಿಕಾರ್ನ್ ನಿಜವಾದದ್ದು ಕಣಯ್ಯಾ, ಉಳಿದ ತೋಪಿಗಿಂತ ಗಿಡ್ಡ, ನನ್ನ ಮೋಟು ಹೋವಿಟ್ಜರ್ ತೋಪಿಗಿಂತ ಉದ್ದ. ಅಲ್ಲೇ ಕಣ್ಣು ಮುಚ್ಚಿ ಚಕ್ರ, ಅಚ್ಚು, ನಳಿಗೆ ಎಲ್ಲ ತಡವಿ ನೋಡಿದೆ. ತಲೆ ಸುತ್ತುತ್ತಿದೆ ಅಂದುಕೊಂಡು ಅವನು ಕುರ್ಚಿ ಎಳೆದ. "ಬಣ್ಣ ಹಾಕ್ಕೊಡ್ಲಾ ಸಾರ್?"

"ಬೇಡಪ್ಪ. ಬಣ್ಣ ಕೂತರೆ ಸಣ್ಣ ಕೆತ್ತನೆಯೆಲ್ಲ ಮುಚ್ಚಿಹೋಗುತ್ತೆ."

ಮನೆಯಲ್ಲಿ ಹಲ್ಲಿನ ಸೆಟ್ಟು ತೀಡುವ ಅರದಲ್ಲೇ ತೋಪಿನ ಅಂಚುಗಳನ್ನೂ ತೀಡಿದೆ. "ಗಿರಾಕಿಗಳು ಬೊಚ್ಚುಬಾಯಿ ಬಿಟ್ಕೊಂಡು ಕಾಯ್ತಿದಾರೆ, ನೀವು ಫಿರಂಗಿ ಉಜ್ತಾ ಕೂತಿದೀರಾ?" ಅಂತ ಇವಳ ಕೂಗಾಟ. ಕೂಗಿ ಕೂಗಿ, ಆಮೇಲೆ ಪೆಟ್ಟಿಗೆಗೆ ಹತ್ತಿ ತುಂಬಿಕೊಟ್ಟವಳೂ ಅವಳೇ.

ಆರು ತೋಪು ಕಳಿಸಿದ್ದೇನೆ. ನಿನ್ನ ಮಗಳಿಗೆ ನನ್ನ ಆಶೀರ್ವಾದ, ಅವಳು ನೂರು ಕಾಲ ಚೆನ್ನಾಗಿರಲಿ. ನಿನಗೆ ಆಶೀರ್ವಾದ ಇಲ್ಲ, ಸೋಲು ಮಾತ್ರ.

ನಿನ್ನ,
ಹಲ್ಲು ಕಟ್ಟುವವನು

ಮರೆತ ಮಾತು: ಈ ಕಾಗದ ಓದಿ ಹೇಳುತ್ತಿರುವುದು ನಿನ್ನ ಮಗಳೇ ಅಂತ ನನಗೆ ಗೊತ್ತು. ಹೋದ ವಾರ ಅವಳು ಅಳುತ್ತಾ ನಿನ್ನ ಕಣ್ಣಿನ ಸಂಗತಿಯೆಲ್ಲ ಹೇಳಿದಳು, ಅವಳನ್ನು ಬೈಯಬೇಡ. ಕಳೆದ ಆಟದಲ್ಲಿ ನೀನು ನಿನ್ನ ಕುದುರೆ ದಂಡನ್ನು ನೇರ ನನ್ನ ತೋಪಿನ ಬಾಯಿಗೇ ನಡೆಸಿದೆ. ನಾನು ಮೇಜು ಕುಟ್ಟಿ ಕುಟ್ಟಿ ನಕ್ಕೆ. ನಿನಗೆ ತೋಪು ಕಾಣಿಸಿರಲೇ ಇಲ್ಲ. ಆದರೂ ನನ್ನ ಜೊತೆ ಸೇರಿ ನಕ್ಕೆಯಲ್ಲೋ! ಒಂದು ಮಾತು ಹೇಳಬಾರದಿತ್ತೇ? ಅದರಿಂದ ನನಗೆ ತುಂಬಾ ನೋವಾಗಿದೆ. ನನ್ನ ತೋಪುಗಳಿಗೆಲ್ಲ ಅಡಿಯಲ್ಲಿ ಗೀರು ಹಾಕಿದ್ದೇನೆ, ನಿನ್ನವು ನುಣುಪು. ಬೆರಳಿಟ್ಟರೆ ತಿಳಿಯುತ್ತದೆ. ಭಾನುವಾರ ಬಾ. ಕರುಣೆ ಗಿರುಣೆ ತೋರಿಸುವವನಲ್ಲ ನಾನು, ಗೆಲ್ಲಲಿಕ್ಕೇ ಆಡುತ್ತೇನೆ.