ಬಿಟ್ಟಿರಲಾರದ ಗಂಡನಿಗೆ ಊರುಗೋಲಿಲ್ಲ

ಹುಬ್ಬಳ್ಳಿ, ಫೆಬ್ರುವರಿ ೩೦, ೨೧೮೭

ನಮ್ಮ ಮನೆತನದ ಹಿಂದಿನವರಿಗೆ, ಶಾಲ್ಮಲಾಳ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ಪಂಚಾಂಗವನ್ನೇ ತಿದ್ದಿದರು, ಹಾಗಾಗಿ ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ದಯವಿಟ್ಟು ಕ್ಷಮಿಸಿ. ನನ್ನ ಕನ್ನಡದ ತಪ್ಪುಗಳಿಗೂ ಕ್ಷಮೆ ಇರಲಿ, ಏಕೆಂದರೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಇಷ್ಟೆಲ್ಲ ಬದಲಾದ ಲೋಕದಲ್ಲಿ ಅದೊಂದು ಮಾತ್ರ ಬದಲಾಗಿಲ್ಲ!

ನಮ್ಮಲ್ಲಿ ಹೊಸದಾಗಿ ಮದುವೆಯಾದವರು ಹಿಂದೋಲೆ ಬರೆಯುವ ಪದ್ಧತಿ ಇದೆ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ಅದು ಹೇಗೆ ಹೋಗುತ್ತದೆಂದು ಅಂಚೆಯವರನ್ನೇ ಕೇಳಬೇಕು, ನನಗೆ ತಿಳಿಯದು. ಮದುವೆಗೊಂದು ಪತ್ರ ಮಾತ್ರ. ಎಲ್ಲರೂ ಅದರಲ್ಲಿ ಸೀರೆಯ ಬಣ್ಣ, ಊಟದ ಸಾಲು, ಗಂಡನ ಗುಣಗಾನ ಬರೆಯುತ್ತಾರೆ. ನಾನೂ ಮದುವೆಗೆ ಮೊದಲೇ ಮನಸ್ಸಿನಲ್ಲಿ ಪುಟಗಟ್ಟಲೆ ಬರೆದಿಟ್ಟುಕೊಂಡಿದ್ದೆ. ನಮ್ಮ ಬೀದಿಗಳ ಮೇಲೆ ಮನೆಯಿಂದ ಮನೆಗೆ ಕಟ್ಟಿದ ನೆರಳುಬಟ್ಟೆಗಳ ಬಗ್ಗೆ, ಮಧ್ಯಾಹ್ನವಿಡೀ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುವುದರ ಬಗ್ಗೆ, ಬಿಸಿಲು ಇಳಿದ ಮೇಲೆ ಉಣಕಲ್ ಕೆರೆಯ ದಂಡೆಯಲ್ಲಿ ಗುರುಪಾದನ ಕೈ ಹಿಡಿದು ನಡೆಯುವುದರ ಬಗ್ಗೆ. ಗುರುಪಾದ ನನ್ನ ಗಂಡ. ಈ ಮಾತನ್ನು ಬರೆಯುವಾಗ ಈಗಲೂ ಮೈ ಜುಮ್ಮೆನ್ನುತ್ತದೆ! ಆದರೆ ಹೋದ ವಾರದಿಂದ ನಾನು ತಲೆ ಎತ್ತಿ ನಮ್ಮ ಓಣಿಯಲ್ಲಿ ನಡೆದಿಲ್ಲ. ಹಾಗಾಗಿ ಸೀರೆಯ ಬಣ್ಣ ಬಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ಗುರುಪಾದ ನೀರ್ಗಿವಿ. ಎಂದರೆ ನೆಲದೊಳಗಿನ ನೀರಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವವನು. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾನೆ. ಹನಿ ನೀರಿಗೂ ಬೆಲೆ ಇರುವ ನಮ್ಮ ಕಾಲದಲ್ಲಿ ಇದು ಮರ್ಯಾದೆಯ ನೌಕರಿ. ಅದನ್ನು ನೋಡಿಯೇ ನಮ್ಮ ಮನೆಯವರು ಒಪ್ಪಿದ್ದು. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಪಾಲಿಕೆಯವರು ಆ ಕೆಲಸವನ್ನೆಲ್ಲ ಒಂದು ಕಂಪನಿಗೆ ಹೊರಗುತ್ತಿಗೆ ಕೊಟ್ಟುಬಿಟ್ಟರು. ಹೊರಗುತ್ತಿಗೆ ಎಂಬುದು ನಿಮ್ಮದೇ ಪದವಂತೆ, ನಾವು ಹಾಗೇ ಇಟ್ಟುಕೊಂಡಿದ್ದೇವೆ. ಕಂಪನಿ ಕೇಳಿಸಿಕೊಳ್ಳುವ ಕೆಲಸಕ್ಕೆ ಯಂತ್ರ ತಂದಿತು. ನೀರ್ಗಿವಿಗಳಿಗೆಲ್ಲ ಆ ಯಂತ್ರವನ್ನು ಹೊತ್ತು ನಡೆಯುವ ಕೆಲಸ ಕೊಡುತ್ತೇವೆ ಎಂದಿತು. ಜಾಗ ಗದಗಿನ ದಾರಿಯ ದೊಡ್ಡ ಕೊಳವೆಯ ಮೇಲೆ, ಅಲ್ಲಿಯೇ ಡೇರೆಯಲ್ಲಿ ಉಳಿಯಬೇಕು, ವಾರಕ್ಕೊಮ್ಮೆ ಮನೆ. ಗುರುಪಾದ ಒಲ್ಲೆ ಎಂದು ಬಂದ.

ಯಾಕೆ ಎಂದು ನಾನು ಕೇಳಿದೆ. ಅವನು ನನ್ನ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ವಾರಗಟ್ಟಲೆ ನಿನ್ನ ಬಿಟ್ಟು ಹೆಂಗ ಇರ್ಲಿ ಹೇಳು" ಎಂದ. ನನಗೆ ಇನ್ನೇನು ಬೇಕು? ಅವತ್ತು ಇಡೀ ದಿನ ನೆಲದ ಮೇಲೆ ಕಾಲಿಡದವಳಂತೆ ಓಡಾಡಿದೆ.

ನೀವು ನಿರುದ್ಯೋಗ ಭತ್ಯೆ ಎನ್ನುವುದನ್ನು ನಾವು ಊರುಗೋಲು ಎನ್ನುತ್ತೇವೆ. ಕೆಲಸ ಕಳೆದುಕೊಂಡವರಿಗೆ ಇನ್ನೊಂದು ಸಿಗುವವರೆಗೆ ಕೊಡುವುದು. ಕೊಟ್ಟ ಕೆಲಸವನ್ನು ಬೇಡವೆಂದವರಿಗೆ ಅದು ಸುಮ್ಮನೆ ಸಿಗುವುದಿಲ್ಲ. ಪಗಾರ ತೀರಾ ಕಡಿಮೆ ಎಂದು ಬಿಟ್ಟಿದ್ದರೆ ಸಿಗುತ್ತದೆ, ಬೇರೆ ಕಾರಣಕ್ಕೆ ಬಿಟ್ಟಿದ್ದರೆ ಇಲ್ಲ. ಆ ಕಾರಣ ಯಾವುದೆಂದು ತಿಳಿಯಲು ನಮ್ಮಲ್ಲಿ ಮನೆಮಾತು ಎಂಬ ಪದ್ಧತಿ ಇದೆ. ಅರ್ಜಿ ಹಾಕಿದವನು ತನ್ನ ಪರವಾಗಿ ತಾನು ಮಾತಾಡುವಂತಿಲ್ಲ. ಅವನ ಮನೆಗೆ ಎಲ್ಲರಿಗಿಂತ ಕೊನೆಗೆ ಬಂದು ಸೇರಿದವರು ಮಾತಾಡಬೇಕು. ಆ ಮನೆಯ ಪರವಾಗಿ ಸುಳ್ಳು ಹೇಳುವುದನ್ನು ಅವರಿನ್ನೂ ಕಲಿತಿರುವುದಿಲ್ಲ ಎಂಬ ನಂಬಿಕೆ. ಕೊನೆಗೆ ಬಂದವಳು ಯಾರು? ನಾನೇ!

ನಾನು ಕುಣಿದಾಡಿದೆ. ಮದುವೆಗೆ ತಂದಿದ್ದ ಹಸಿರು ಇಳಕಲ್ ಉಟ್ಟು ಹೊರಟೆ. ದಾರಿಯಲ್ಲಿ ನನ್ನ ಅತ್ತೆ ದಾಕ್ಷಾಯಣಿಯವರು ಮತ್ತೆ ಮತ್ತೆ ಹೇಳಿದರು: "ಕೇಳಿದಷ್ಟಕ್ಕ ಉತ್ತರಾ ಕೊಡವಾ. ಹರಿಕತಿ ಮಾಡಬ್ಯಾಡ." ಕಂಪನಿ ಕೊಡುತ್ತೇನೆಂದ ಪಗಾರ ಎಷ್ಟೆಂದು ಅವರೂ ನನಗೆ ಹೇಳಲಿಲ್ಲ, ಅದು ನನಗೆ ಗೊತ್ತಿದೆ ಎಂದುಕೊಂಡಿದ್ದರು.

ಊರಿನವರೆಲ್ಲ ಸೇರಿ ಮನೆಮಾತು ಕೇಳುವ ಕಟ್ಟೆಯ ಮೇಲೆ ಕುಳಿತಿದ್ದವರು ನೀಲಗಂಗಮ್ಮ, ಊರುಗೋಲಿನ ತೀರ್ಮಾನ ಅವರದೇ. ಒಳ್ಳೆಯ ಹೆಂಗಸು, ಮಾತು ಕಡಿಮೆ. "ನಿನ್ನ ಗಂಡ ಆ ಕೆಲಸಾ ಯಾಕ ಒಲ್ಲೆ ಅಂದನವಾ?" ಎಂದು ಕೇಳಿದರು. ಅಷ್ಟೇ ಪ್ರಶ್ನೆ. ನಾನು ಎಷ್ಟು ಮಾತಾಡಿದೆ ಎಂದು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ನನ್ನ ಗಂಡನಂಥವನು ಲೋಕದಲ್ಲಿಲ್ಲ ಎಂದೆ. ನನ್ನನ್ನು ಬಿಟ್ಟು ಒಂದು ದಿನವೂ ಇರಲಾರ, ಅದಕ್ಕಾಗಿಯೇ ನೌಕರಿಯನ್ನು ಒದ್ದು ಬಂದ ಎಂದೆ. ಒದ್ದು ಎಂಬ ಪದವನ್ನೇ ಬಳಸಿದೆ! ಜನ ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ಮೆಚ್ಚಿಕೊಂಡರು ಅಂದುಕೊಂಡು ಗುರುಪಾದನ ಕಡೆ ತಿರುಗಿದೆ. ಅವನು ತನ್ನ ಕಾಲ್ಬೆರಳನ್ನು ನೋಡುತ್ತ ಕುಳಿತಿದ್ದ.

ನೀಲಗಂಗಮ್ಮ ಕೈ ಎತ್ತಿ ಜನರ ನಗು ನಿಲ್ಲಿಸಿದರು. ಆಮೇಲೆ, "ಪಗಾರ ಅರ್ಧಕ್ಕಿಳಿಸಿದ್ರು ಅಂತ ಬಿಟ್ಟಿದ್ರ ಕೊಡತಿದ್ವಿ. ಹೇಂತೀ ಮ್ಯಾಲಿನ ಪ್ರೀತಿಗೆ ಬಿಟ್ರ ಕೊಡಾಕ ಬರೂದಿಲ್ಲವಾ" ಎಂದರು. ಅರ್ಧ ಪಗಾರ! ಆ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಅವರ ಬಾಯಿಂದ. ನೀನೇನಂತೀಯಪ್ಪಾ ಎಂದು ಅವರು ಗುರುಪಾದನನ್ನೂ ಕೇಳಿದರು. ಮನೆಮಾತು ಸುಳ್ಳು ಎಂದು ತಲೆಯಾಡಿಸುವಷ್ಟು ಹಕ್ಕು ಅವನಿಗಿತ್ತು. ಆದರೆ ಹಾಗೆ ಮಾಡಿದರೆ ಅಷ್ಟು ಜನರ ಎದುರು ನಾನು ಸುಳ್ಳಿಯಾಗುತ್ತಿದ್ದೆ. ಅವನು ತಲೆಯಾಡಿಸಲಿಲ್ಲ.

ನಮ್ಮ ಕಟ್ಟೆಯಲ್ಲಿ ಆಡಿದ ಮಾತನ್ನೆಲ್ಲ ಓಣಿ ಓಣಿಯ ದನಿಕಂಬಗಳು ಬಿತ್ತರಿಸುತ್ತವೆ. ನಾವು ಮನೆ ಮುಟ್ಟುವುದರೊಳಗೆ ನನ್ನ ಭಾಷಣ ನಮಗಿಂತ ಮೊದಲೇ ಮುಟ್ಟಿತ್ತು. ಎದುರುಮನೆಯವಳು ಬಾಗಿಲಲ್ಲಿ ನಿಂತು, "ಏನಬೇ ಶಾಲ್ಮಲಾ, ಗಂಡನ್ನ ಸೆರಗಿಗೆ ಕಟ್ಟಿಕೊಂಡ ಬಂದಿ? ಹಿಟ್ಟಿನ ಡಬ್ಬ್ಯಾಗ ಏನ ತುಂಬತೀ?" ಎಂದಳು. ಅತ್ತೆ ನನ್ನನ್ನು ಬೈಯಲಿಲ್ಲ. ರೊಟ್ಟಿ ಬಡಿಯುತ್ತ, "ಚಲೋ ಮಾತಾಡಿದಿ. ಇಂಗ್ಲಿಷ್ ಸಾಲ್ಯಾಗ ಸುಮ್ಮನಿರೂದ ಒಂದ ಕಲಿಸಲಿಲ್ಲೇನೋ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗುರುಪಾದನನ್ನು ಕೇಳಿದೆ, ನನಗೆ ನಿಜ ಯಾಕೆ ಹೇಳಲಿಲ್ಲ ಎಂದು. "ನಾಚಿಕಿ ಆತು. ಮದುವ್ಯಾಗಿ ತಿಂಗಳ ಆಗಿಲ್ಲ, ನಿನ್ನ ಗಂಡನ ಕಿಮ್ಮತ್ತು ಅರ್ಧಕ್ಕಿಳೀತು ಅಂತ ಹೆಂಗ ಹೇಳ್ಲಿ?" ಎಂದ. ಅವನ ನಾಚಿಕೆ ಅವನ ಬಾಯಿ ಕಟ್ಟಿತು. ನನ್ನ ಹಿಗ್ಗು ನನ್ನ ಬಾಯಿ ಬಿಚ್ಚಿತು. ಹೀಗೆ ನಾವಿಬ್ಬರೂ ಸೇರಿ ಊರುಗೋಲನ್ನು ಮುರಿದೆವು.

ಹೋದದ್ದು ನಮ್ಮ ಮನೆಯದಷ್ಟೇ ಆಗಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ. ಊರುಗೋಲಿಲ್ಲದಿದ್ದರೆ ಗುರುಪಾದ ಗದಗಿನ ದಾರಿಗೆ ಹೋಗಲೇಬೇಕು. ಒಬ್ಬ ನೀರ್ಗಿವಿ ಅರ್ಧ ಪಗಾರಕ್ಕೆ ಒಪ್ಪಿದರೂ ಸಾಕು, ಅದೇ ಆ ಕೆಲಸದ ನಡೆಯುವ ಪಗಾರ ಎಂದಾಗಿಬಿಡುತ್ತದೆ. ಆಮೇಲೆ ಉಳಿದವರು ಕಡಿಮೆ ಎಂದು ಬಿಟ್ಟರೂ ಅದು ಕಡಿಮೆಯಲ್ಲ ಎಂದು ಅವರಿಗೂ ಊರುಗೋಲು ಸಿಗುವುದಿಲ್ಲ. ಅವನ ಜೊತೆಗಾರರು ಈಗ ನಮ್ಮ ಮನೆಗೆ ಬಂದರೆ ಒಳಗೆ ಬರುವುದಿಲ್ಲ, ಹೊರಗೇ ನಿಂತು ಅವನನ್ನು ಕರೆದು ಮಾತಾಡುತ್ತಾರೆ. ನಾನು ಚಹಾ ತಂದರೆ ಕುಡಿಯುತ್ತಾರೆ, ನನ್ನ ಮುಖ ನೋಡುವುದಿಲ್ಲ.

ಒಂದು ದಾರಿ ಉಳಿದಿದೆ. ಮನೆಮಾತು ಹೇಳಿದವರೇ ಅದೇ ಕಟ್ಟೆಯ ಮೇಲೆ ನಿಂತು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬಹುದು. ನಾಳೆ ನನಗೆ ಕರೆ ಇದೆ. ಎರಡೂ ಕಾರಣ ನಿಜವೆಂದು ಹೇಳುತ್ತೇನೆ ಎಂದು ನೀಲಗಂಗಮ್ಮನವರ ಬಳಿ ಹೋಗಿ ಕೇಳಿದೆ. "ಒಂದ ಕಾರಣಾ ಬರ್ಯಾಕ ಜಾಗಾ ಐತವಾ" ಎಂದರು. ಅವರ ದನಿಯಲ್ಲಿ ಮರುಕವಿತ್ತು, ಆದರೆ ಜಾಗವಿರಲಿಲ್ಲ. ಮನೆಗೆ ಬಂದು ಹೇಳಿದಾಗ ಗುರುಪಾದ ತಟ್ಟೆಯ ಮುಂದೆ ಕುಳಿತಿದ್ದ. "ಹೋಗಬ್ಯಾಡ ಬಿಡು, ನಾ ಗದಗಿಗೆ ಹೋಕ್ಕೀನಿ. ಪಗಾರದ್ದು ಖರೇ. ನಿನ್ನ ಬಿಟ್ಟಿರಲಾರೆ ಅಂದದ್ದೂ ಏನ ಸುಳ್ಳಲ್ಲ" ಎಂದ. ಅಷ್ಟು ಹೇಳಿ ಮತ್ತೆ ಊಟಕ್ಕೆ ಕೈ ಹಾಕಿದ. ನಾನು ಅಡಿಗೆಮನೆಗೆ ಹೋಗಿ ಕಣ್ಣೀರು ಹಾಕಿದೆ!

ಹಿಂದಿನವರೇ, ನಿಮ್ಮಲ್ಲಿ ಒಂದು ಬೇಡಿಕೆ. ಈ ನಿಯಮದ ಮೊದಲ ಸಾಲು ನಿಮ್ಮ ಕಾಲದವರೇ ಬರೆದದ್ದು ಎಂದು ನಮ್ಮ ಪಾಠದಲ್ಲಿತ್ತು. ಈ ಪತ್ರ ಮುಟ್ಟುವಾಗ ಅದಿನ್ನೂ ಬರೆದಾಗಿಲ್ಲದಿದ್ದರೆ, ದಯವಿಟ್ಟು ಬರೆಯುವವರ ಬಳಿ ಹೋಗಿ. ಕೆಲಸ ಒಲ್ಲೆ ಎಂದವನನ್ನು ಯಾಕೆ ಒಲ್ಲೆ ಎಂದು ಕೇಳಬೇಡಿ, ಕೆಲಸ ಕೊಟ್ಟವರನ್ನು ಎಷ್ಟಕ್ಕೆ ಕೊಟ್ಟಿರಿ ಎಂದು ಕೇಳಿ ಎಂದು ಹೇಳಿ. ಹಳೆಯ ಪಗಾರವನ್ನೂ ಹೊಸ ಪಗಾರವನ್ನೂ ಎರಡು ಕಡೆ ಇಟ್ಟು ತೂಗಿದರೆ ಸಾಕು. ಒಬ್ಬ ಮನುಷ್ಯ ಬೇಡ ಎನ್ನುವಾಗ ಅವನೊಳಗೆ ಏನೇನಿರುತ್ತದೋ, ಅದನ್ನೆಲ್ಲ ಹೊಸದಾಗಿ ಬಂದ ಹುಡುಗಿಯೊಬ್ಬಳಿಂದ ಊರಿನೆದುರು ಹೇಳಿಸಬೇಡಿ.

ನಾನು ನಾಳೆ ಹೋಗುತ್ತೇನೆ. ಹಸಿರು ಇಳಕಲ್ ಉಡುವುದಿಲ್ಲ. ನನ್ನ ಗಂಡ ನನ್ನನ್ನು ಬಿಟ್ಟಿರಲಾರೆ ಎಂದು ಎಂದೂ ಹೇಳಿಲ್ಲ, ಅದು ನಾನೇ ಕಟ್ಟಿದ ಕತೆ, ಅವನು ಬಿಟ್ಟದ್ದು ಪಗಾರ ಅರ್ಧಕ್ಕಿಳಿದದ್ದಕ್ಕೆ ಎಂದು ಗಟ್ಟಿಯಾಗಿ ಹೇಳುತ್ತೇನೆ. ಜನ ಮತ್ತೆ ನಗುತ್ತಾರೆ, ನಗಲಿ. ಊರುಗೋಲು ಅವನ ಕೈಗೆ ಬರಲಿ. ಆದರೆ ಅವನು ಹಾಗೆ ಹೇಳಿದ್ದ. ನನ್ನ ಜಡೆ ಹಿಡಿದುಕೊಂಡು ಹೇಳಿದ್ದ. ಅದು ಎಲ್ಲಿಯಾದರೂ ಒಂದು ಕಡೆ ನಿಜವಾಗಿ ಉಳಿಯಬೇಕೆಂದು ನಿಮಗೆ ಬರೆದಿದ್ದೇನೆ.

ನಿಮ್ಮ ಮನೆಗೆ ಕೊನೆಗೆ ಬಂದ ಸೊಸೆ,
ಶಾಲ್ಮಲಾ