ಮೇಲ್ಗಾಳಿ ಮನೆಯಲ್ಲಿ ಅವ್ವ ಸೀನಿದಳು

ಮೇಲ್ಗಾಳಿ ಮನೆ, ಬ್ಯಾಡಗಿ
ಫೆಬ್ರವರಿ ೩೦, ೨೨೧೪

ಸಾವಂತ್ರೆವ್ವಜ್ಜಿಗೆ,

ಇವತ್ತು ಬೆಳಿಗ್ಗೆ ಅವ್ವ ಸೀನಿದಾಗ ಅವಳ ಎಡಗೈ ಎಲ್ಲಿತ್ತು ಎಂದು ನೋಡಿದೆ. ಅವಲಕ್ಕಿಯ ತಟ್ಟೆಯ ಕೆಳಗಿತ್ತು. ಬಾಗಿಲ ಚೌಕಟ್ಟನ್ನು ಹಿಡಿದಿರಲಿಲ್ಲ, ಹೊಟ್ಟೆಗೆ ಒತ್ತಿಕೊಳ್ಳುವ ದಿಂಬನ್ನೂ ಹುಡುಕಲಿಲ್ಲ. ಕಾಲಿಗೆ ಕಾಲು ಹೆಣೆದುಕೊಳ್ಳಲಿಲ್ಲ. ನಿಂತಲ್ಲೇ ಸೀನಿ, ಸೆರಗಿನಿಂದ ಮೂಗು ಒರೆಸಿಕೊಂಡು, ಅವಲಕ್ಕಿಗೆ ಉಪ್ಪು ಸಾಲದು ಎಂದಳು. ಅಷ್ಟೇ ನಡೆದದ್ದು. ಆದರೆ ಆಗಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ, ಅದಕ್ಕೇ ಈ ಕಾಗದ.

ಮೊದಲು ಕ್ಷಮೆ ಕೇಳಬೇಕು. ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದವರು ಫೆಬ್ರವರಿಯನ್ನು ಕಂಡು ಮರುಗಿ ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಬಹುದು. ಹೀಗೆ ಹಿಂದಿನವರಿಗೆ ಬರೆಯುವುದನ್ನು ನಾವು 'ಹಿಂಗಾಗದ' ಎನ್ನುತ್ತೇವೆ. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಬರುವುದಿಲ್ಲ. ಎದುರಿಗೆ ಮಾತಾಡಲು ಬಾರದ ನನ್ನಂಥವರಿಗೆ ಇದು ತುಂಬ ಅನುಕೂಲ. ನಾನು ಮಂದಾಕಿನಿ. ಸಾಹಿತ್ಯ ಓದಿದ್ದೇನೆ. ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ.

ನಿನ್ನ ಕೆಲವು ಫೋಟೋಗಳು ನಮ್ಮಲ್ಲಿ ಉಳಿದಿವೆ. ಮದುವೆಯಿರಲಿ, ತೊಟ್ಟಿಲ ಕಾರ್ಯವಿರಲಿ, ಎಲ್ಲದರಲ್ಲೂ ನೀನು ಬಾಗಿಲ ಪಕ್ಕದಲ್ಲೇ ಕೂತಿದ್ದೀ. ಮನೆಯಲ್ಲಿ ನಿನ್ನನ್ನು 'ಬಾಗಲ ಸಾವಂತ್ರೆವ್ವ' ಎಂದು ಚೇಷ್ಟೆ ಮಾಡುತ್ತ ಬಂದಿದ್ದಾರೆ. ಗಾಳಿ ಬೇಕಿತ್ತು ಆಕೆಗೆ ಅನ್ನುತ್ತಾರೆ. ಹೋದ ವರ್ಷ ಅವ್ವ ಆ ಫೋಟೋಗಳನ್ನು ಬಹಳ ಹೊತ್ತು ನೋಡಿ, "ಗಾಳಿ ಅಲ್ಲ. ಆಕೀದೂ ನಂದ ಜಡ್ಡು. ಬಚ್ಚಲ ಹತ್ರ ಇರಲಿ ಅಂತ ಅಲ್ಲಿ ಕೂತಾಳ" ಎಂದಳು. ಅವ್ವ ತನ್ನ ಕಾಯಿಲೆಯ ವಿಷಯ ನನಗೆ ಹೇಳಿದ್ದು ಹಾಗೆ, ನಿನ್ನ ನೆಪದಲ್ಲಿ.

ಹೊಟ್ಟೆಯ ತಳದಲ್ಲಿ ಮೂತ್ರಚೀಲ, ಗರ್ಭಚೀಲ, ಕರುಳು ಎಲ್ಲವನ್ನೂ ಹೊತ್ತುಕೊಂಡಿರುವ ಸ್ನಾಯುಗಳಿವೆಯಲ್ಲ, ಅವನ್ನು ನಾವು ಒಳಜೋಳಿಗೆ ಎಂದು ಕರೆಯುತ್ತೇವೆ. ಹೆರಿಗೆಯಿಂದ, ಭಾರ ಎತ್ತುವುದರಿಂದ ಅದು ಸಡಿಲಾಗುತ್ತದೆ. ಒಳಗಿನದು ಕೆಳಗೆ ಜಾರುತ್ತದೆ. ಸೀನಿದರೆ, ಕೆಮ್ಮಿದರೆ, ನಕ್ಕರೆ ಹನಿ ಸೋರುತ್ತದೆ. ಈಗ ವೈದ್ಯರು ಹೆಂಗಸಿನ ಮೈಯಿಂದಲೇ ಚಿಟಿಕೆಯಷ್ಟು ಮಾಂಸ ತೆಗೆದು, ಗಾಜಿನ ತೊಟ್ಟಿಯಲ್ಲಿ ಬಟ್ಟೆಯಂತೆ ನೇಯ್ದು, ಜೋಳಿಗೆಗೆ ತೇಪೆ ಹಾಕಿ ಹೊಲಿಯುತ್ತಾರೆ. ಹೆಸರು ಮೈನೇಯ್ಗೆ. ಮುರಿದ ಮೂಳೆ ವಾರದಲ್ಲಿ ಕೂಡುವ ಕಾಲ ನಮ್ಮದು. ಆದರೂ ಅಜ್ಜಿ, ಈ ಒಂದು ಜೋಳಿಗೆ ಮಾತ್ರ ಯಾರ ಅವಸರಕ್ಕೂ ಬಗ್ಗಿಲ್ಲ. ತಿಂಗಳುಗಳು ಬೇಕು. ನಿನ್ನ ಕಾಲದಲ್ಲೂ ಬೇಕಿತ್ತು, ನಮ್ಮದರಲ್ಲೂ ಬೇಕು.

ಅದಕ್ಕೇ ಮೇಲ್ಗಾಳಿ ಮನೆ. ನಮ್ಮ ಊರಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಅವರು ಸುಗ್ಗಿಯಲ್ಲಿ ಇಲ್ಲಿ ಉಸಿರಾಡಿಲ್ಲ. ಇಡೀ ಪೇಟೆ ಸೀನುತ್ತದೆ. ಹೊಲಿಗೆ ಹಸಿಯಿರುವಾಗ ಒಂದೊಂದು ಸೀನೂ ಒಳಗಿನಿಂದ ಗುದ್ದಿದಂತೆ. ಆದ್ದರಿಂದ ಗುಡ್ಡದ ಮೇಲೆ, ಗಾಳಿ ಊರಿನ ಕಡೆಗೆ ಹೋಗುವ ಜಾಗದಲ್ಲಿ ಈ ಮನೆ ಕಟ್ಟಿದ್ದಾರೆ. ಇಲ್ಲಿನ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಗೆ ಪ್ರವೇಶವಿಲ್ಲ. ತುಂಬಿದ ತಂಬಿಗೆಗಿಂತ ಭಾರವಾದದ್ದನ್ನು ಯಾರೂ ಎತ್ತುವಂತಿಲ್ಲ. ಬೆಳಿಗ್ಗೆ ನೆನೆಹಾಕಿದ ಅಂಜೂರ, ತಿಣುಕುವುದು ಬೇಡವೆಂದು ಪಾಯಿಖಾನೆಯಲ್ಲಿ ಕಾಲಿಡಲು ಒಂದು ಮಣೆ, ಮಧ್ಯಾಹ್ನ ಸೊಂಟದ ಕೆಳಗೆ ದಿಂಬಿಟ್ಟು ಮಲಗುವುದು. ಅಂಗಳದ ಮೇಲೆ ಬಿಸಿಲು ಕುಡಿದು ದೀಪ ಉರಿಸುವ ನೆರಳುಬಟ್ಟೆ ಕಟ್ಟಿದೆ. ಅದರ ಕೆಳಗೆ ಹೆಂಗಸರು ನಿಧಾನವಾಗಿ ಸುತ್ತು ಹಾಕುತ್ತಾರೆ. ಹೊಸ ಹೊಲಿಗೆಯವರ ಹತ್ತಿರ ನಗಿಸುವವರನ್ನು ಕೂರಿಸುವುದಿಲ್ಲ. ಅವ್ವನ ಜಾಗವನ್ನು ಎರಡು ಸಲ ಬದಲಿಸಿದರು.

ಅವ್ವ, ಫಕೀರವ್ವ, ಪೇಟೆಯಲ್ಲಿ ಮೆಣಸಿನಕಾಯಿ ಹರಾಜಿನ ಸವಾಲು ಕೂಗುವವಳು. ನಿಮ್ಮ ಕಾಲದಲ್ಲಿ ಕಾಯಿಯ ಬೆಲೆಯನ್ನು ಕಂಪ್ಯೂಟರಿನೊಳಗೇ ಹಾಕಿಬಿಡುತ್ತಿದ್ದರಂತೆ. ನಮ್ಮವರಿಗೆ ಆ ಮೌನ ಬೇಸರವಾಗಿ ಮತ್ತೆ ಬಾಯಿ ಬೇಕಾಯಿತು. ರಾಶಿಯ ಮುಂದೆ ನಿಂತು ಹೊಟ್ಟೆಯಾಳದಿಂದ ಬೆಲೆ ಕೂಗಬೇಕು, ಕೂಗಿನ ಕೊನೆಯನ್ನು ಪ್ರಾಂಗಣದ ಆಚೆ ಗೋಡೆಯವರೆಗೂ ಎಳೆಯಬೇಕು. ಆ ಎಳೆತಕ್ಕೆ ಬಾಲ ಎನ್ನುತ್ತಾರೆ. ಅವ್ವನ ಬಾಲ ಕೇಳಲೆಂದೇ ಜನ ಬರುತ್ತಿದ್ದರು. ಒಳಜೋಳಿಗೆ ಹರಿದದ್ದೂ ಅದೇ ಕೂಗಿನಲ್ಲಿ. ಗುಣವಾಗಿ ಮತ್ತೆ ಕೂಗಬಲ್ಲಳೇ ಎಂಬುದೊಂದೇ ಅವಳಿಗಿದ್ದ ಚಿಂತೆ. ಈ ವರ್ಷದ ಮೊದಲ ಸವಾಲು ನಾಳೆ.

ಅವ್ವನಿಗೆ ಹೊಲಿಗೆಯಾಗಿ ಇಲ್ಲಿಗೆ ಬಂದ ಮೊದಲ ತಿಂಗಳು ಚೆನ್ನಾಗಿಯೇ ಹೋಯಿತು. ನೋವು ಇಳಿಯಿತು, ನಡಿಗೆ ನೆಟ್ಟಗಾಯಿತು. ಮೋಸ ಹೋದದ್ದೂ ಆಗಲೇ. ಒಂದು ಸಂಜೆ ಕೆಳಗಿನ ಪ್ರಾಂಗಣದಲ್ಲಿ ಚನ್ನವೀರ ಅಭ್ಯಾಸ ಮಾಡುತ್ತಿದ್ದ. ಅವ್ವ ಬರದಿದ್ದರೆ ಇರಲಿ ಎಂದು ನೇಮಿಸಿದ ಬದಲಿ ಕೂಗುಗಾರ ಅವನು. ಗುಡ್ಡದವರೆಗೂ ಕೇಳುತ್ತಿತ್ತು, ಪ್ರತಿ ಸಲವೂ ಬಾಲವನ್ನು ಅರ್ಧಕ್ಕೇ ಬಿಡುತ್ತಿದ್ದ. ಅವ್ವ ಮಾಳಿಗೆಯ ಮೇಲೆ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕೊನೆಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಊರೆಲ್ಲ ಕೇಳುವಂತೆ, "ಏ ಚನ್ನವೀರಾ! ಬಾಲ ಯಾಕ ಕಡೀತಿಯೋ? ಎಳಿ, ಎಳಿ ಅದನ್ನ!" ಎಂದಳು.

ಕೆಳಗಿನಿಂದ "ಆತು ಬೇ!" ಎಂದು ಉತ್ತರ ಬಂತು. ಅವ್ವ ಮೆಲ್ಲಗೆ ಗೋಡೆ ಹಿಡಿದು ಕೂತಳು. "ಮಂದಾ, ಕೆಳಗ ಏನೋ ಜಗ್ಗಿದಂಗ ಆತು" ಎಂದಳು. ಅವಳ ಮುಖ ಅಷ್ಟು ಬೆಳ್ಳಗಾದದ್ದನ್ನು ನಾನು ಕಂಡಿರಲಿಲ್ಲ.

ಇಲ್ಲಿ ಒಳಜೋಳಿಗೆಗೆ ವ್ಯಾಯಾಮ ಕಲಿಸುವ ದಿಲ್ಶಾದಕ್ಕ ಓಡಿಬಂದರು. ವೈದ್ಯರು ಪರೀಕ್ಷಿಸಿ, ಹೊಲಿಗೆ ಬಿಚ್ಚಿಲ್ಲ, ಆದರೆ ನೇಯ್ಗೆ ಜಗ್ಗಿದೆ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು ಎಂದರು. "ಬಾಲ ಎಳಿ ಅಂತ ಅವಗ ಹೇಳಿ ನೀವ ಎಳದ್ರಲ್ರೀ ಫಕೀರವ್ವ!" ಎಂದು ದಿಲ್ಶಾದಕ್ಕ ಬೈದರೂ ಅವ್ವ ನಗಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿ, "ಬ್ಯಾರೆಯವರನ್ನ ಕಾಯಂ ಮಾಡ್ಕೋರಿ ಅಂತ ಹೇಳಿ ಬಾ" ಎಂದು ನನ್ನನ್ನು ಕಳಿಸಿದಳು. ನಾನು ಹೋಗಿ, ನೆಲ ನೋಡುತ್ತ, ಚನ್ನವೀರನಿಗೆ ಹೇಳಿದೆ. ಅವನು, "ಮೊದಲನೇ ರಾಶಿ ನಿಮ್ಮವ್ವಂದ. ಆಕಿ ಕೂಗಿದ ಮ್ಯಾಲ ಉಳದದ್ದಕ್ಕ ನಾ ಬಾಯಿ ತಗೀತೀನಿ. ಹೋಗಿ ಹೇಳು" ಎಂದ. ಹೇಳಿದೆ. ಅವ್ವ ಹೊರಳಲಿಲ್ಲ, ಆದರೆ ಮರುದಿನ ಬೆಳಿಗ್ಗೆ ಅಂಜೂರ ತಿಂದಳು.

ಆಮೇಲಿನ ದಿನಗಳು ತೀರ ನಿಧಾನವಾಗಿದ್ದವು. ಇವತ್ತು ಹಗುರ, ನಾಳೆ ಮತ್ತೆ ಕೆಳಗೆ ಕಲ್ಲು ಕಟ್ಟಿದಂತೆ. ಕೆಲವು ಸಂಜೆ ಸುಮ್ಮನೆ ಅಳುತ್ತಿದ್ದಳು. ಹೊಟ್ಟೆಯಿಂದ ತಳ್ಳಿ ಕೂಗುವುದನ್ನು ಮರೆತು, ಉಸಿರು ಬಿಡುತ್ತ ಜೋಳಿಗೆಯನ್ನು ಒಳಗೇ ಮೇಲೆತ್ತಿಕೊಂಡು ದನಿ ತೆಗೆಯುವುದನ್ನು ದಿಲ್ಶಾದಕ್ಕ ಕಲಿಸಿದರು. ಮೊದಲು ಗುಂಯ್ ಎನ್ನುವಷ್ಟು. ಆಮೇಲೆ ಪಿಸುಮಾತಿನಲ್ಲಿ ಸವಾಲು. ಅಂಗಳಕ್ಕೆ ಬರುವ ಒಂದು ಮೇಕೆಯನ್ನು ಅವ್ವ ದಿನವೂ ಪಿಸುಮಾತಿನಲ್ಲೇ ಹರಾಜು ಹಾಕುತ್ತಿದ್ದಳು, ನಾನೇ ಕೊಳ್ಳಬೇಕಿತ್ತು. ಇಪ್ಪತ್ತೈದು ವರ್ಷ ಕೂಗಿದವಳು ಹೊಸದಾಗಿ ಕೂಗಲು ಕಲಿಯುತ್ತಿದ್ದಳು. ಆ ಹೊಸ ದನಿ ಮೊದಲಿನಷ್ಟು ದಪ್ಪವಿಲ್ಲ. ಆದರೆ ಬಾಲ ಇನ್ನೂ ಉದ್ದವಾಗಿದೆ, ಕೇಳಿದರೆ ನನ್ನ ಮೈ ಜುಮ್ಮೆನ್ನುತ್ತದೆ.

ಇಲ್ಲಿಂದ ಕೆಳಗೆ ಕಳಿಸುವ ಮುನ್ನ ಒಂದು ಘಾಟು ಪರೀಕ್ಷೆ ಇದೆ. ಮುಂಚೆ ಹೇಳುವುದಿಲ್ಲ. ಇವತ್ತು ಬೆಳಿಗ್ಗೆ ದಿಲ್ಶಾದಕ್ಕ ಹೊಸ ಹೊಲಿಗೆಯವರನ್ನು ಅಂಗಳಕ್ಕೆ ಕಳಿಸಿ, ಅವಲಕ್ಕಿಯ ಒಗ್ಗರಣೆಗೆ ಸೆರಗಿನೊಳಗಿನಿಂದ ಬ್ಯಾಡಗಿ ಮೆಣಸಿನಕಾಯಿ ತೆಗೆದು ಹಾಕಿಬಿಟ್ಟರು. ಇಡೀ ಅಡುಗೆಮನೆ ಸೀನಿತು. ಅವ್ವನೂ ಸೀನಿದಳು. ತಟ್ಟೆ ಅಲುಗಲಿಲ್ಲ.

"ಯಾಕ ಹಂಗ ನೋಡಾಕತ್ತಿ?" ಎಂದು ನನ್ನನ್ನು ಕೇಳಿದಳು. ತಾನು ಏನು ಮಾಡಿದೆ ಎಂಬುದು ಅವಳಿಗೇ ಗೊತ್ತಾಗಿರಲಿಲ್ಲ!

"ಚೌಕಟ್ಟು ಹಿಡೀಲಿಲ್ಲ ನೀ" ಎಂದೆ. ಅವ್ವ ತನ್ನ ಕೈಯನ್ನೇ ನೋಡಿಕೊಂಡಳು. ಸೀರೆಯ ಹಿಂಬದಿ ಮುಟ್ಟಿ ನೋಡಿ, ದಿಲ್ಶಾದಕ್ಕನ ಕಿವಿಯಲ್ಲಿ ಏನೋ ಹೇಳಿದಳು. "ಒಂದ ಹನಿ ಆದ್ರ ಆಗಲಿ ಬಿಡ್ರಿ, ನಾಳೆ ಬಟ್ಟಿ ಇಟ್ಕೊಂಡು ಹೋಗ್ರಿ. ಮುಗಲೇನ ಹರಕೊಂಡು ಬೀಳಂಗಿಲ್ಲ" ಎಂದರು ಅವರು. ಆಗ ಅವ್ವ ನಕ್ಕಳು. ಹೊಟ್ಟೆ ಹಿಡಿದುಕೊಳ್ಳದೆ, ಬಾಯಿ ತುಂಬ.

ನಾಳೆ ಒಂದೇ ರಾಶಿ, ಅದೂ ಕುರ್ಚಿಯ ಮೇಲೆ ಕೂತು. ಪೂರ್ತಿ ಗುಣವಾಗಲು ಇನ್ನೂ ಒಂದು ಸುಗ್ಗಿ ಹಿಡಿಯಬಹುದಂತೆ. ಆಗಲಿ.

ಅಜ್ಜಿ, ನಿನಗೆ ಹೊಲಿಗೆಯಾಯಿತೋ ಇಲ್ಲವೋ ನನಗೆ ತಿಳಿಯದು. ಈ ಕಾಗದ ತಲುಪಿದರೆ, ನಿನ್ನ ಜಡ್ಡಿನ ವಿಷಯವನ್ನು ಯಾರಾದರೂ ಒಬ್ಬರಿಗೆ ಹೇಳು. ಹೊಲಿಗೆಯಾಗಿ ಮಲಗಿದ್ದರೆ, ಹೋದ ವಾರಕ್ಕಿಂತ ಇವತ್ತು ಕಷ್ಟವಾಯಿತೆಂದು ಎದೆಗುಂದಬೇಡ. ಇಲ್ಲಿ ಎಲ್ಲರಿಗೂ ಹಾಗೇ ಆಗುತ್ತದೆ.

ಇನ್ನೊಂದು ಮಾತು. ಅವ್ವ ಎಲ್ಲ ಕಾರ್ಯಗಳಲ್ಲೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದಳು. ಯಾರಾದರೂ ಒಳಗೆ ಕರೆದರೆ, "ನಮ್ಮ ಹುಡುಗಿಗೆ ನಾಚಿಕಿ ರೀ, ಮಂದ್ಯಾಗ ಬರಂಗಿಲ್ಲ" ಎನ್ನುತ್ತಿದ್ದಳು. ಅದು ಸುಳ್ಳಲ್ಲ, ನನಗೆ ನಾಚಿಕೆಯೇ. ಆದರೆ ಆ ನಾಚಿಕೆ ಅವಳ ಕೆಲಸಕ್ಕೂ ಬರುತ್ತಿತ್ತು ಎಂದು ಈಗ ತಿಳಿದಿದೆ.

ನಾಳೆ ಸವಾಲಿಗೆ ಮುಂಚೆ ಮೊದಲ ರಾಶಿಯ ಮುಂದೆ ಪೇಟೆಯವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವ್ವ ಅಭ್ಯಾಸಬಲದಿಂದ ಗೇಟಿನ ಕಡೆ ನೋಡುತ್ತಾಳೆ, ಆಮೇಲೆ ನನ್ನನ್ನು ಹುಡುಕುತ್ತಾಳೆ. ಅಷ್ಟರಲ್ಲಿ ನಾನು ಅವಳ ಕುರ್ಚಿ ಹೊತ್ತುಕೊಂಡು ಹೋಗಿ ಎಲ್ಲರ ನಟ್ಟನಡುವೆ ಇಟ್ಟು, ಅದರ ಪಕ್ಕದಲ್ಲಿ ನಿಂತಿರುತ್ತೇನೆ. ಅವಳಿಗೆ ಹೇಳಿಲ್ಲ.

ನಿನ್ನ
ಮಂದಾಕಿನಿ