ಎರಡನೇ ಮಹಡಿಯ ಕೋಣೆಯ ಬೀಗ ತೆಗೆಯಿರಿ

ದೊಡ್ಡಾಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಎರಡನೇ ಮಹಡಿಯಲ್ಲಿ, ತೀವ್ರ ನಿಗಾ ಘಟಕದ ಪಕ್ಕದಲ್ಲಿದ್ದ ಪ್ರಾರ್ಥನಾ ಕೋಣೆಗೆ ತಾವು ಬೀಗ ಹಾಕಿಸಿದ್ದೀರಿ. ಅದನ್ನು ತೆಗೆಸಿ ಎಂದು ಕೇಳಲು ಈ ಪತ್ರ. ಕೇಳುತ್ತಿರುವವನು ನಾಸ್ತಿಕ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕೋಣೆ ಮುಚ್ಚಿಸಿ ಎಂದು ಆರು ವರ್ಷದ ಹಿಂದೆ ಅರ್ಜಿ ಕೊಟ್ಟವನೂ ನಾನೇ. ಬಾಗಿಲಿಗೆ ಅಂಟಿಸಿರುವ ಆದೇಶದಲ್ಲಿ 'ಉಲ್ಲೇಖ' ಎಂಬಲ್ಲಿ ನನ್ನ ಹೆಸರು, ವಿಳಾಸ ಎರಡೂ ತಪ್ಪಿಲ್ಲದೆ ಅಚ್ಚಾಗಿವೆ. ಕೆಟ್ಟ ನಲ್ಲಿಗಳ ಬಗ್ಗೆ, ಉರಿಯದ ದೀಪಗಳ ಬಗ್ಗೆ ನಾನು ಕೊಟ್ಟ ಅರ್ಜಿಗಳು ಯಾವ ಕಪಾಟಿನಲ್ಲಿ ಮಲಗಿವೆಯೋ! ಇದೊಂದಕ್ಕೆ ಮಾತ್ರ ಜೀವ ಬಂದಿತು. ಅದೂ ಯಾವಾಗ? ನನ್ನ ಭಾವ, ಅಕ್ಕನ ಗಂಡ, ಅದೇ ಘಟಕದಲ್ಲಿ ಉಸಿರಾಟದ ಯಂತ್ರ ಹಾಕಿಸಿಕೊಂಡು ಮಲಗಿದ ಹನ್ನೊಂದನೇ ದಿನ.

ನಾನು ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು "ದೇವರೇ, ದೇವರೇ" ಎನ್ನುವುದನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಬಾಗಿಲು ತೆಗೆಯುವವನು ಮಾತ್ರ ನಾನು. ಆ ಜಂಬದಲ್ಲೇ ಅರ್ಜಿ ಬರೆದಿದ್ದೆ. ಸಾರ್ವಜನಿಕ ಕಟ್ಟಡದಲ್ಲಿ ಮೂಢನಂಬಿಕೆಗೆ ಜಾಗವೇಕೆ, ವೈಜ್ಞಾನಿಕ ಮನೋಭಾವ ಎಲ್ಲಿ ಹೋಯಿತು ಎಂದೆಲ್ಲ ಝಾಡಿಸಿದ್ದೆ.

ಈಗ, ಕೋಣೆಗೆ ಬೀಗ ಬೀಳುವ ಮುಂಚಿನ, ಭಾವ ಸೇರಿದ ನಾಲ್ಕನೇ ದಿನದ ಮಾತು ಕೇಳಿ. ಅಕ್ಕನಿಗೆ ಟೀ ಕೊಡಲು ಮೊದಲ ಬಾರಿ ಆ ಕೋಣೆಯೊಳಗೆ ಹೋದೆ. ಪಟವಿಲ್ಲ, ವಿಗ್ರಹವಿಲ್ಲ. ಒಂದು ಚಾಪೆ, ನಾಲ್ಕು ಕುರ್ಚಿ, ಒಂದು ಕಿಟಕಿ. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಬಸ್ ಡ್ರೈವರ್ ಒಬ್ಬರು, ಮಗಳು ನಿಗಾ ಘಟಕದಲ್ಲಿದ್ದಾಳಂತೆ, ಎದ್ದು ತಮ್ಮ ಕುರ್ಚಿ ನನಗೆ ಬಿಟ್ಟುಕೊಟ್ಟು, "ಕೂತ್ಕೊಳ್ಳಿ, ಇಲ್ಲಿ ಯಾರೂ ಏನೂ ಕೇಳಲ್ಲ" ಎಂದರು. ಆ ಹೊತ್ತಿಗೆ ಆಸ್ಪತ್ರೆಯವರು ನನ್ನನ್ನು ಕಾರ್ಡು, ಸಹಿ, ಗುರುತಿನ ಚೀಟಿ ಎಂದು ಕೇಳಿ ಕೇಳಿ ಸುಸ್ತು ಮಾಡಿದ್ದರು. ಹತ್ತು ನಿಮಿಷ ಸುಮ್ಮನೆ ಕೂತೆ. ದೇವರು ಬರಲಿಲ್ಲ. ಆದರೆ ಹೊರಗೆ ಬಂದ ಮೇಲೆ ಅಕ್ಕ ಎರಡು ತುತ್ತು ಊಟ ಮಾಡಿದಳು. ಅದನ್ನು ಮಾಡಿಸಲು ನನ್ನ ಕೈಯಲ್ಲಿ ಆಗಿರಲಿಲ್ಲ. ನಿಮ್ಮ ವೈದ್ಯರ ಕೈಯಲ್ಲೂ ಆಗಿರಲಿಲ್ಲ.

ಈಗ ಅಲ್ಲಿ ಮುರಿದ ಗಾಲಿಕುರ್ಚಿಗಳಿವೆ. 'ಆಪ್ತಸಮಾಲೋಚನಾ ಕೇಂದ್ರ ತೆರೆಯಲಾಗುವುದು' ಎಂದು ಆದೇಶದಲ್ಲಿದೆ. ಸಂತೋಷ. ಆಪ್ತಸಮಾಲೋಚಕರ ಹುದ್ದೆ ಎಷ್ಟು ವರ್ಷದಿಂದ ಖಾಲಿಯಿದೆ, ಸ್ವಾಮಿ? ಕಿತ್ತುಕೊಂಡ ಜಾಗದಲ್ಲಿ ಇಡಲು ನಿಮ್ಮ ಹತ್ತಿರ ಏನಿದೆ? ನನ್ನ ಹತ್ತಿರವಂತೂ ಏನೂ ಇಲ್ಲ. "ಧೈರ್ಯವಾಗಿರು ಅಕ್ಕ" ಎಂದು ನಾನೂ ಹೇಳಿ ನೋಡಿದೆ. ನನಗೇ ನಾಚಿಕೆಯಾಯಿತು.

ಅಕ್ಕ ಮೆಟ್ಟಿಲ ಮೇಲೆ ಕೂತರೆ ಕಾವಲುಗಾರ "ಏಳಮ್ಮಾ, ದಾರಿ ಬಿಡಿ" ಎನ್ನುತ್ತಾನೆ. ಅವನದೂ ತಪ್ಪಲ್ಲ. ಆದೇಶ ಅಂಟಿಸಿದ ದಿನ ಅವಳು ಅದನ್ನು ಓದಿ ನನ್ನ ಕಡೆ ತಿರುಗಿದಳು.

"ಇದು ನೀನೇ ಏನೋ?"

"ಹೂಂ ಅಕ್ಕ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಬರೆಯೋ ಮುಂಚೆ ಒಂದ್ಸಲ ಬಾಗಿಲು ತೆಗೆದು ನೋಡಿದ್ಯಾ?" ಎಂದಳು.

ನೋಡಿರಲಿಲ್ಲ. ಕೆಟ್ಟ ಲಿಫ್ಟನ್ನು ತೆರೆದು ನೋಡದೆ ಒಂದು ಸ್ಕ್ರೂವನ್ನೂ ಮುಟ್ಟದವನು ನಾನು. ಸ್ವಯಂಕೃತಾಪರಾಧ ಎನ್ನದೆ ಬೇರೆ ದಾರಿಯಿಲ್ಲ.

ತಮ್ಮ ಕಚೇರಿಗೆ ಮೂರು ಸಲ ಅಲೆದೆ. "ಕೊಟ್ಟ ಅರ್ಜಿ ವಾಪಸ್ ತಗೊಳ್ಳೋಕೆ ನಮ್ಮಲ್ಲಿ ಫಾರಂ ಇಲ್ಲ ಸಾರ್" ಎಂದರು ಗುಮಾಸ್ತರು. ತಮ್ಮ ದರ್ಶನವಂತೂ ಆಗಲಿಲ್ಲ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ, ಇಲ್ಲೇ, ಲಿಫ್ಟ್ ಎದುರಿನ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತು. ಇಂದು ಹತ್ತೊಂಬತ್ತನೇ ದಿನ.

"ಯಾರಿಗೋ ಬರೀತಿರೋದು?"

"ದೊಡ್ಡ ಡಾಕ್ಟರಿಗೆ."

"ನೋಡಿದ್ದೀಯಾ ಅವರನ್ನ?"

"ಇಲ್ಲ."

"ಓದ್ತಾರಾ?"

"ಗೊತ್ತಿಲ್ಲ."

"ಮತ್ತೆ ಯಾಕೋ ಬರೀತೀಯ?"

"ಇನ್ನೇನು ಮಾಡ್ಲಿ ಅಕ್ಕ, ಸುಮ್ನೆ ಕೂರೋಕಾಗಲ್ಲ."

ಅವಳು ನನ್ನನ್ನೇ ನೋಡಿದಳು. ಈ ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ಸಣ್ಣಗೆ ನಕ್ಕಳು. ಆಮೇಲೆ ಕೈಚೀಲ ಸರಿಸಿ, ಕಾಗದ ಇಟ್ಟುಕೊಳ್ಳಲು ಜಾಗ ಮಾಡಿಕೊಟ್ಟು, "ಬರಿ, ನಿಲ್ಲಿಸ್ಬೇಡ" ಎಂದಳು.

ಮಾನ್ಯರೇ, ನನ್ನ ಹಳೆಯ ಅರ್ಜಿಯನ್ನು ಹರಿದು ಹಾಕಿ. ಗಾಲಿಕುರ್ಚಿಗಳನ್ನು ಹೊರಗಿಡಿ. ಬೀಗ ತೆಗೆಯಿರಿ, ಇವತ್ತೇ.

ಇಂತಿ,
ಉಲ್ಲೇಖದಲ್ಲಿರುವ ಅದೇ ಅರ್ಜಿದಾರ,
ಈಗಲೂ ನಾಸ್ತಿಕ